ತೊಗಲು ಎನ್ನಬಾರದ ತೊಗಲು

ಬಂಟ್ವಾಳದಲ್ಲಿ ನನ್ನದು ಹಾರ್ಮೋನಿಯಂ ರಿಪೇರಿ ಅಂಗಡಿ. ಜನ ಬರುವುದು ಸ್ವರ ಕೆಟ್ಟಾಗ, ಹೋಗುವುದು ನನ್ನ ತಲೆ ಕೆಡಿಸಿದ ಮೇಲೆ. ಗಾಳಿ ಸೋರದಂತೆ ಪೆಟ್ಟಿಗೆಯ ಮಡಿಕೆಗಳಿಗೆ ನಾನು ಅಂಟಿಸುವುದು ಹದ ಮಾಡಿದ ಕುರಿಯ ಚರ್ಮ. ಅಪ್ಪ ಅದನ್ನು ತೊಗಲು ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ಅದರ ಅರ್ಥ ಮಾತ್ರ ಮನೆಯಿಂದ ಮನೆಗೆ ಬದಲಾಗುತ್ತದೆ.

ಮೊದಲು ಇದ್ದದ್ದು

ವೇಣೂರಿನಲ್ಲಿ ಈರುಳ್ಳಿಯೂ ಹೊಸಿಲು ದಾಟದ ಒಂದು ಮನೆ. ಅಲ್ಲಿನ ಅಜ್ಜಿಗೆ ತಮ್ಮ ಅಪ್ಪನ ಹಾರ್ಮೋನಿಯಂ ಎಂದರೆ ಪ್ರಾಣ. ಅದರೊಳಗೆ ತೊಗಲು ಇದೆಯೆಂದು ನಾನು ಬಾಯಿ ತಪ್ಪಿ ಹೇಳಿಬಿಟ್ಟೆ. ತಕ್ಷಣ ಕಿತ್ತು ರೆಕ್ಸಿನ್ ಹಾಕಬೇಕೆಂದು ಅಪ್ಪಣೆಯಾಯಿತು. ಹಾಕಿದೆ. ಮಡಚಿದಲ್ಲೆಲ್ಲ ಗಾಳಿ ಸೋರಿ, ಹಾಡಿಗಿಂತ ಉಬ್ಬಸವೇ ಜೋರಾಯಿತು. ವಾರದೊಳಗೆ ಅಜ್ಜಿಯ ಫೋನು. ಮಳೆಯ ವಿಚಾರ, ನನ್ನ ಸೊಂಟನೋವಿನ ವಿಚಾರ ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿದರು.

"ಮೊದಲು ಎಂತ ಇತ್ತೋ ಅದನ್ನೇ ಹಾಕಿ. ಎಂತದ್ದು ಅಂತ ನನಗೆ ಹೇಳ್ಬೇಡಿ."

ಭಾವನ ಜಾಕೆಟ್

ಪುತ್ತಿಗೆಯ ನನ್ನ ಭಾವ ದುಬಾಯಿಯಿಂದ ಕುರಿ ಚರ್ಮದ ಜಾಕೆಟ್ ತಂದರು. ಮೇ ತಿಂಗಳಲ್ಲಿ ಮೂಡುಬಿದಿರೆಯ ಮದುವೆಗೆ ಅದನ್ನೇ ಹಾಕಿಕೊಂಡು ಬಂದು ಊಟಕ್ಕೆ ಮೊದಲೇ ಬೆವರಿನಲ್ಲಿ ಮಿಂದರು. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯಿತು. ಅಷ್ಟು ನುಣುಪಾದ ತೊಗಲನ್ನು ನಾನು ಮುಟ್ಟಿರಲೇ ಇಲ್ಲ. ನನಗೆ ಕೊಟ್ಟರೆ ನಾಲ್ಕು ಹಾರ್ಮೋನಿಯಂ ಬದುಕುತ್ತವೆ ಎಂದೆ. ಅದು ಚರ್ಮವಲ್ಲ, ಮರ್ಯಾದೆ ಎಂದರು. ಈಗ ಆ ಮರ್ಯಾದೆ ಒಣಗಲೆಂದು ಫ್ಯಾನಿನಡಿ ನೇತಾಡುತ್ತಿದೆ. ಬಂದ ನೆಂಟರು ಸೆಖೆ ಎಂದರೆ ಭಾವ ಅವರನ್ನು ಜಗಲಿಗೆ ಕಳಿಸುತ್ತಾರೆ.

ಒಳಗೆ ಬಿಡುವುದಿಲ್ಲ

ವಾಮದಪದವಿನ ಆಚೆ ಒಂದು ಭಜನಾ ಮಂದಿರ. ಬೆಳಿಗ್ಗೆ ದೀಪ ಹಚ್ಚಿದರೆ ಮರುದಿನ ಬೆಳಗಿನವರೆಗೆ ಭಜನೆ ನಿಲ್ಲಬಾರದು. ಆ ವರ್ಷ ಮೊದಲ ತಂಡ ಹಾಡುವಾಗಲೇ ಹಾರ್ಮೋನಿಯಂನ ತೊಗಲು ಹರಿಯಿತು. ಫೋನು ಬಂದದ್ದೇ ಓಡಿದೆ. ಬಾಗಿಲಲ್ಲಿ ಬೋರ್ಡು: ಚರ್ಮದ ವಸ್ತುಗಳನ್ನು ಒಳಗೆ ತರಬಾರದು. ಬರೆಸಿದ ಅಧ್ಯಕ್ಷರೇ ಪಕ್ಕದಲ್ಲಿ ಕಾವಲು. ನನ್ನ ಬೆಲ್ಟು ಬಿಚ್ಚಿಸಿದರು. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಒಳಗೆ ಹೋದೆ.

ಪೆಟ್ಟಿಗೆ ಬಿಚ್ಚಿದ ಮೇಲೆ ನೆನಪಾಯಿತು, ಗಡಿಬಿಡಿಯಲ್ಲಿ ತೊಗಲನ್ನು ಅಂಗಡಿಯಲ್ಲೇ ಬಿಟ್ಟಿದ್ದೆ. ಹೋಗಿ ತರುವಷ್ಟು ಹೊತ್ತಿರಲಿಲ್ಲ. ಹಾಡುವವರು ಆಗಲೇ ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿದ್ದರು. ಹಾರ್ಮೋನಿಯಂ ಇಲ್ಲದೆ ಕೂರುವುದಿಲ್ಲವೆಂದು ಮುಂದಿನ ತಂಡ ಹಟ ಹಿಡಿಯಿತು. ತಮ್ಮ ಕಾಲದಲ್ಲೇ ಭಜನೆ ನಿಂತಿತು ಎಂದಾಗುತ್ತದೆಂದು ಅಧ್ಯಕ್ಷರ ಮುಖ ಬಿಳಿಚಿತು. ಅಂಗೈಯಗಲ ಕುರಿ ಚರ್ಮ ಸಿಕ್ಕಿದರೆ ಸಾಕು ಎಂದೆ.

ಅಧ್ಯಕ್ಷರು ಅತ್ತಿತ್ತ ನೋಡಿ, ಅಂಗಿಯ ಒಳಕಿಸೆಯಿಂದ ಮೆಲ್ಲನೆ ತಮ್ಮ ಪರ್ಸು ತೆಗೆದರು.

"ಅಳಿಯ ಕೊಟ್ಟದ್ದು. ಒಳ್ಳೇ ಕುರಿಯದ್ದೇ. ಆದೀತಾ?"

ಕತ್ತರಿಸಿ ಅಂಟಿಸಿದೆ. ಸ್ವರ ಬಂತು, ಭಜನೆ ಉಳಿಯಿತು. ಹಾಗಾದರೆ ನನ್ನ ಬೆಲ್ಟನ್ನೂ ಒಳಗೆ ತರಲೇ ಎಂದು ಕೇಳಿದೆ.

"ಅದು ಹೇಗೆ ಆಗ್ತದೆ ಮಾರಾಯ್ರೆ? ಅದು ಚರ್ಮ ಅಲ್ವಾ?"