ಬೆಂಗಳೂರಿನಲ್ಲಿ ನಮ್ಮದೊಂದು ಕುರ್ಚಿ

ಲಾರಿ ಓಡಿಸುವವರ ಮಾತಿನಲ್ಲಿ ಕಾಲು ಭಾಗವನ್ನು ಮಾತ್ರ ನಂಬಬೇಕು ಎಂಬುದು ನನ್ನ ಹದಿನಾಲ್ಕು ವರ್ಷದ ಸಂಸಾರದ ಅನುಭವ. ‘ಹೊರಟಾಯಿತು’ ಎಂದು ಫೋನ್ ಬಂದರೆ ಲೋಡ್ ಆಗಲು ಇನ್ನೂ ಅರ್ಧ ಬಾಕಿ ಇದೆ ಎಂದರ್ಥ. ‘ಘಾಟಿ ಇಳಿದೆ’ ಎಂದರೆ ಘಾಟಿ ಹತ್ತಿರ ಬಂದಿದೆ. ‘ಐದು ನಿಮಿಷದಲ್ಲಿ ಮನೆ’ ಎಂದ ಮೇಲೆ ನಾನು ಕುಚ್ಚಲಕ್ಕಿ ತೊಳೆದು ಒಲೆಗೆ ಇಡುತ್ತಿದ್ದೆ. ಅನ್ನ ಬೆಂದು, ಬಸಿದು, ಆರಿ, ನನಗೆ ಒಂದು ರವಿಕೆ ಹೊಲಿದು ಮುಗಿಸುವಷ್ಟು ಹೊತ್ತು ಇನ್ನೂ ಉಳಿಯುತ್ತಿತ್ತು. ಹೊಲಿಗೆ ನನ್ನ ಕಸುಬು. ಪುತ್ತೂರಿನ ಹತ್ತಿರ ಕುಂಬ್ರದಲ್ಲಿ ಮನೆಯ ಜಗಲಿಯಲ್ಲೇ ಮೆಷಿನ್ ಹಾಕಿಕೊಂಡಿದ್ದೇನೆ. ಅಳತೆ ತೆಗೆಯುವವಳಿಗೆ ಮಾತನ್ನೂ ಅಳೆದು ನೋಡುವ ಚಾಳಿ ಬಂದುಬಿಡುತ್ತದೆ.

ನನ್ನ ಗಂಡ ಇಸ್ಮಾಯಿಲ್ ನೆಲ್ಯಾಡಿಯಿಂದ ರಬ್ಬರ್ ಶೀಟ್ ತುಂಬಿಸಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದರು, ಬರುವಾಗ ನೀರುಳ್ಳಿ, ಬಟಾಟೆ ತರುತ್ತಿದ್ದರು. ಅದರ ಜೊತೆಗೆ ನಮ್ಮ ಮಗಳು ಶಮ್ನಾಳಿಗಾಗಿ ಒಂದು ಲೋಡ್ ಕಥೆ. ಬೆಂಗಳೂರಿನಲ್ಲಿ ಮಾರ್ಗದ ಮೇಲೆ ಮಾರ್ಗ ಉಂಟಂತೆ. ಮುಖ ನೋಡಿಕೊಳ್ಳಲು ಕನ್ನಡಿ ಇಟ್ಟುಕೊಂಡ ಮರ ಉಂಟಂತೆ. ಅಲ್ಲಿನ ಪೊಲೀಸರಿಗೆಲ್ಲ ಇವರ ಪರಿಚಯವಂತೆ, ಕಂಡಲ್ಲಿ ಕೈ ತೋರಿಸಿ, ಲಾರಿ ನಿಲ್ಲಿಸಿ, ಮಾತಾಡಿಸದೆ ಬಿಡುವುದಿಲ್ಲವಂತೆ. ಇದರ ನಿಜವಾದ ಅರ್ಥ ಡ್ರೈವರನ ಹೆಂಡತಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ದೊಡ್ಡದು ಕುರ್ಚಿಯ ಕಥೆ. ‘ಅಷ್ಟು ದೊಡ್ಡ ಊರಿನಲ್ಲಿ ನಿನ್ನ ಉಪ್ಪನಿಗೆ ಅಂತಲೇ ಒಂದು ಕುರ್ಚಿ ಉಂಟು ಮಗಾ. ಯಾರೇ ಕೂತಿರ್ಲಿ, ನಾನು ಹೋದ ಕೂಡ್ಲೆ ಏಳ್ಬೇಕು.’ ನಾನು ಒಳಗಿನಿಂದ ಗಟ್ಟಿಯಾಗಿ ನಗುತ್ತಿದ್ದೆ. ಸ್ವಂತ ಮನೆಯಲ್ಲೇ ಬಟ್ಟೆಯ ರಾಶಿ ಸರಿಸಿ ಜಾಗ ಮಾಡಿಕೊಂಡು ಕೂರುವ ಮನುಷ್ಯನಿಗೆ ಬೆಂಗಳೂರಿನಲ್ಲಿ ಸಿಂಹಾಸನವೇ?

ಮನೆಯಲ್ಲಿ ಅವರನ್ನು ಪೂರ್ತಿ ನಂಬಿದವಳು ಶಮ್ನಾ ಒಬ್ಬಳೇ.

ಹೋದ ವರ್ಷ ಒಂದು ಬೆಳಿಗ್ಗೆ ‘ಸ್ವಲ್ಪ ಎದೆ ಹಿಡಿದ ಹಾಗೆ ಆಗ್ತದೆ’ ಎಂದರು. ಆ ಮಾತನ್ನೂ ನಾನು ಕಾಲು ಭಾಗವೇ ನಂಬಿದೆ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಆಮೇಲೆ ನಾಲ್ಕು ತಿಂಗಳು ಹತ್ತು ದಿನ ನಾನು ಇದ್ದತ್ ಕೂತೆ. ಗಂಡ ತೀರಿಕೊಂಡ ಹೆಂಗಸು ನಮ್ಮಲ್ಲಿ ಅಷ್ಟು ದಿನ ಮನೆಯ ಹೊರಗೆ ಕಾಲಿಡುವುದಿಲ್ಲ. ದುಃಖ ಕೇಳಲು ಬಂದ ಹೆಂಗಸರು ಮೊದಲ ಎರಡು ವಾರ ಅತ್ತರು, ಮತ್ತೆ ಅವರವರ ಸೊಸೆಯಂದಿರ ವಿಷಯಕ್ಕೆ ಬಂದರು. ಬೇಸರವಿಲ್ಲದೆ ಕೊನೆಯವರೆಗೂ ಇವರ ಬಗ್ಗೆಯೇ ಮಾತಾಡಿದವಳು ಶಮ್ನಾ. ಶಾಲೆಯಿಂದ ಬಂದು, ಬ್ಯಾಗು ಎಸೆದು, ನನ್ನ ಪಕ್ಕ ಕೂತು, ಉಪ್ಪನ ಬೆಂಗಳೂರನ್ನು ಮೊದಲಿನಿಂದ ಶುರು ಮಾಡುತ್ತಿದ್ದಳು. ನಾನು ತಪ್ಪಿಸಿಕೊಂಡು ಹೋಗುವ ಹಾಗೂ ಇಲ್ಲವಲ್ಲ. ಇದ್ದತ್ ಮುಗಿಯುವಷ್ಟರಲ್ಲಿ, ಕಣ್ಣು ಕಟ್ಟಿ ಬಿಟ್ಟರೂ ನಾನು ಬೆಂಗಳೂರಿನಲ್ಲಿ ನಡೆದಾಡಬಲ್ಲೆ ಎಂಬಷ್ಟು ದಾರಿ ಪಾಠವಾಗಿತ್ತು. ಕೊನೆಯ ದಿನ ಅವಳು ಕೇಳಿದಳು, “ಇನ್ನು ನೀವು ಹೊರಗೆ ಹೋಗ್ಬಹುದಲ್ವಾ ಉಮ್ಮಾ? ಹಾಗಾದ್ರೆ ಉಪ್ಪನ ಕುರ್ಚಿ ನೋಡ್ಲಿಕ್ಕೆ ಹೋಗುವ.”

ನನಗೆ ಹೆದರಿಕೆಯಾದದ್ದು ಆಗ. ಕುರ್ಚಿ ಇಲ್ಲ ಎಂದು ನನಗೆ ಗೊತ್ತು. ಅಲ್ಲಿಗೆ ಹೋಗಿ, ಹುಡುಕಿ, ಇಲ್ಲ ಎಂದಾದರೆ ಇವಳೂ ನನ್ನ ಹಾಗೆ ಕಾಲು ಭಾಗದವಳಾಗುತ್ತಾಳೆ. ಅವರನ್ನು ಪೂರ್ತಿ ನಂಬುವವರು ಮತ್ತೆ ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ.

ಹಾಗಾಗಿ ನಾನು ಒಂದು ಉಪಾಯ ಮಾಡಿದೆ. ಬೆಂಗಳೂರಿನಲ್ಲಿ ನನ್ನ ತಮ್ಮ ಹನೀಫ್ ಒಂದು ಬೇಕರಿಯಲ್ಲಿದ್ದಾನೆ. ಅವನಿಗೆ ಫೋನ್ ಮಾಡಿ, “ನಾವು ರಜೆಯಲ್ಲಿ ಬರ್ತೇವೆ. ನೀನು ಎಲ್ಲಿಯಾದ್ರೂ ಒಂದು ಒಳ್ಳೆ ಕುರ್ಚಿ ನೋಡಿಡು,” ಎಂದೆ.

“ತೆಗೊಳ್ಳಿಕ್ಕಾ ಅಕ್ಕ?”

“ತೆಗೊಳ್ಳಿಕ್ಕೆ ಅಲ್ಲ ಮಾರಾಯ, ತೋರಿಸ್ಲಿಕ್ಕೆ.”

ಬಸ್ಸು ಬೆಂಗಳೂರು ಮುಟ್ಟಿದಾಗ ಶಮ್ನಾ ಬಾಯಿ ಬಿಟ್ಟು ನೋಡುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಕಿ ಕೆಲಸ ಮುಗಿಸಲು ಬಂದ ಅಧಿಕಾರಿಯ ಹಾಗೆ ತಲೆಯಾಡಿಸುತ್ತಿದ್ದಳು. ಮೇಲ್ಸೇತುವೆ ಬಂದಾಗ “ಮಾರ್ಗದ ಮೇಲೆ ಮಾರ್ಗ, ಸರಿ ಉಂಟು,” ಎಂದಳು. ಹದಿನೆಂಟು ಮಹಡಿಯ ಕಟ್ಟಡ ನೋಡಿ ಅವಳಿಗೆ ಬಂದ ಸಂಶಯ ಒಂದೇ. “ಇವರೆಲ್ಲ ಅಡಿಕೆ ಎಲ್ಲಿ ಒಣಗಿಸುದು?” ಮರುದಿನ ಹನೀಫ್ ಬಹಳ ಉಮೇದಿನಲ್ಲಿ ವಿಧಾನಸೌಧ ತೋರಿಸಿದ. ಅವಳು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, “ಮಾಮ, ಇಲ್ಲಿ ಲಾರಿ ನಿಲ್ಲಿಸ್ಲಿಕ್ಕೆ ಬಿಡ್ತಾರಾ?” ಎಂದು ಕೇಳಿದಳು. ಇಲ್ಲ ಎಂದ. “ಹಾಗಾದ್ರೆ ಉಪ್ಪ ಇಲ್ಲಿಗೆ ಬರ್ಲಿಲ್ಲ. ಮುಂದೆ ಹೋಗುವ.” ಹೀಗೆ ಒಂದು ಬೆಳಿಗ್ಗೆಯಲ್ಲಿ ಅವಳು ರಾಜಧಾನಿಯ ಮುಕ್ಕಾಲು ಪಾಲನ್ನು ಪಟ್ಟಿಯಿಂದ ಹೊಡೆದುಹಾಕಿದಳು.

ಮಧ್ಯಾಹ್ನ ಹನೀಫ್ ನನಗೆ ಕಣ್ಣು ಮಿಟುಕಿಸಿ ನಮ್ಮನ್ನು ಒಂದು ಐಸ್‌ಕ್ರೀಮ್ ಅಂಗಡಿಗೆ ಕರೆದುಕೊಂಡು ಹೋದ. ಒಳಗೆ ಕೆಂಪು ಬಣ್ಣದ, ತಿರುಗುವ ಕುರ್ಚಿಗಳು. ಒಂದಕ್ಕೆ ಕೈ ತಟ್ಟಿ, “ಇದೇ ನೋಡು ಶಮ್ಮೂ, ಉಪ್ಪನ ಕುರ್ಚಿ,” ಎಂದ. ಶಮ್ನಾ ಕುರ್ಚಿ ನೋಡಿದಳು. ಹೊರಗಿನ ಇಕ್ಕಟ್ಟು ಬೀದಿ ನೋಡಿದಳು. ಮತ್ತೆ ಮಾಮನನ್ನು ನೋಡಿದಳು. “ಇಲ್ಲಿ ನೀರುಳ್ಳಿ ಲೋಡ್ ಹೇಗೆ ಮಾಡುದು ಮಾಮ?” ಹನೀಫ್ ನನ್ನನ್ನು ನೋಡಿದ, ನಾನು ಮೆನು ಕಾರ್ಡನ್ನು ನೋಡಿದೆ. “ನಿಮಗೆ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ. ಸುಳ್ಳು ಹೇಳ್ಬಾರ್ದು,” ಎಂದು ಅವಳು ಅವನಿಗೆ ಬುದ್ಧಿ ಹೇಳಿದಳು. ಐಸ್‌ಕ್ರೀಮನ್ನು ಮಾತ್ರ ಬಿಡಲಿಲ್ಲ.

ಕೊನೆಗೆ ನೀರುಳ್ಳಿ ತುಂಬಿಸುವ ಮಾರುಕಟ್ಟೆಗೆ ಹೋಗದೆ ಬೇರೆ ದಾರಿ ಇರಲಿಲ್ಲ. “ಅದು ಹೆಂಗಸರು ಮಕ್ಕಳು ಹೋಗುವ ಜಾಗ ಅಲ್ಲ ಅಕ್ಕ,” ಎಂದ ಹನೀಫ್. ನಿಜವೇ. ಲಾರಿಗಳ ಸಾಲು, ಕೊಳೆತ ಎಲೆಕೋಸಿನ ವಾಸನೆ, ತಲೆಯ ಮೇಲೆ ಮೂಟೆ ಹೊತ್ತು ಓಡುವವರು. ನಾನು ಸೆರಗು ಬಿಗಿ ಮಾಡಿಕೊಂಡು ಕೆಸರು ನೋಡಿ ಕಾಲಿಡುತ್ತಿದ್ದೆ. ನನ್ನ ಮಗಳು ತವರಿಗೆ ಬಂದವಳ ಹಾಗೆ ಮುಂದೆ ಮುಂದೆ ಹೋಗುತ್ತಿದ್ದಳು. ಒಂದು ಕಡೆ ಥಟ್ಟನೆ ನಿಂತಳು. “ಉಮ್ಮಾ, ಮರ.”

ಲಾರಿಗಳ ನಡುವೆ ಒಂದು ಹೊಂಗೆಮರ. ಅದರ ಕಾಂಡಕ್ಕೆ ಮೊಳೆ ಹೊಡೆದು ಕನ್ನಡಿ ತೂಗುಹಾಕಿದ್ದರು. ಅದರ ಕೆಳಗೆ ಒಬ್ಬ ಕ್ಷೌರಿಕ ಒಬ್ಬ ಡ್ರೈವರನ ಗಡ್ಡ ಹೆರೆಯುತ್ತಿದ್ದ. ಮುಖ ನೋಡಿಕೊಳ್ಳುವ ಮರ.

ಮರದ ಆಚೆಗೆ ಒಂದು ಚಹಾದ ಗೂಡಂಗಡಿ. ಅಂಗಡಿಯವರ ಹೆಸರು ನಂಜಪ್ಪ ಎಂದು ಆಮೇಲೆ ತಿಳಿಯಿತು. ನಾನು ಕೇಳಿದೆ, “ಇಲ್ಲಿಗೆ ಇಸ್ಮಾಯಿಲ್ ಅಂತ ಒಬ್ಬರು ಡ್ರೈವರ್ ಬರ್ತಿದ್ದರಾ?”

“ಯಾವ ಇಸ್ಮಾಯಿಲಮ್ಮ? ದಿನಕ್ಕೆ ಹತ್ತು ಜನ ಬರ್ತಾರೆ,” ಎಂದು ಅವರು ತಲೆ ಎತ್ತದೆ ಹೇಳಿದರು.

“ರಬ್ಬರ್ ತರುವವರು. ಎತ್ತರಕ್ಕೆ ಇದ್ದರು.”

“ಡ್ರೈವರುಗಳ ಎತ್ತರ ಯಾರಿಗ್ಗೊತ್ತು, ಕೂತ್ಕೊಂಡೇ ಇರ್ತಾರಲ್ಲ.”

ಹದಿನಾಲ್ಕು ವರ್ಷ ಜೊತೆಗಿದ್ದ ಮನುಷ್ಯನಿಗೆ ಹೆಸರು, ಎತ್ತರ ಬಿಟ್ಟು ನನ್ನ ಹತ್ತಿರ ಇನ್ನೊಂದು ಗುರುತು ಇರಲಿಲ್ಲ. ಅಷ್ಟರಲ್ಲಿ ಶಮ್ನಾ ಮುಂದೆ ಬಂದಳು. “ಚಹಾ ಕುಡಿಯುವ ಮೊದ್ಲು ಗ್ಲಾಸನ್ನು ಹೀಗೆ ಕೆನ್ನೆಗೆ ಇಟ್ಟುಕೊಳ್ತಾರೆ. ಈ ಕಡೆ ಒಮ್ಮೆ, ಆ ಕಡೆ ಒಮ್ಮೆ.” ಎರಡು ಕೆನ್ನೆಯನ್ನೂ ಮುಟ್ಟಿ ತೋರಿಸಿದಳು.

ನಂಜಪ್ಪನವರ ಸೌಟು ನಿಂತಿತು. “ಪುತ್ತೂರು ಭಾಯ್. ಎಲ್ಲಮ್ಮ ಅವ್ರು? ಲೈನ್ ಏನಾದ್ರೂ ಬದಲಾಯಿಸಿದ್ರಾ? ವರ್ಷವಾಯ್ತು ಕಾಣದೆ.”

ನಾನು ವಿಷಯ ಹೇಳಿದೆ. ಅವರು ಸ್ಟವ್ ಆರಿಸಿದರು. ಗಿರಾಕಿಗಳು ಕಾಯುತ್ತಿದ್ದರು. ಆಮೇಲೆ ಅವರು ಅಂಗಡಿಯ ಪಕ್ಕಕ್ಕೆ ಹೋಗಿ ಒಬ್ಬ ದಪ್ಪ ಮನುಷ್ಯನಿಗೆ, “ಏಳಪ್ಪ, ಪುತ್ತೂರು ಭಾಯ್ ಮನೆಯವ್ರು ಬಂದವ್ರೆ,” ಎಂದರು. ಆತ ಚಹಾದ ಗ್ಲಾಸು ಹಿಡಿದುಕೊಂಡು ಎದ್ದು ನಿಂತ. ಕೆಳಗಿದ್ದದ್ದು ಲಾರಿಯ ಹಳೆಯ ಡ್ರೈವರ್ ಸೀಟು, ಎರಡು ಕಲ್ಲಿನ ಮೇಲೆ ಕೂರಿಸಿದ್ದು. ಹೊಸ ಸೀಟು ಹಾಕಿಸಿದ ದಿನ ಹಳೆಯದನ್ನು ಇವರು ಅಲ್ಲೇ ಬಿಟ್ಟುಹೋಗಿದ್ದರಂತೆ. ಅದಕ್ಕೆ ಹೊದೆಸಿದ ಹೂವಿನ ಬಟ್ಟೆ ನಾನು ಹೊಲಿದದ್ದು. ನನ್ನ ಹೊಲಿಗೆ ನನಗೆ ಗೊತ್ತಾಗದೆ ಇರುತ್ತದೆಯೇ?

ನಂಜಪ್ಪ ಹೆಗಲ ಮೇಲಿನ ಟವೆಲಿನಿಂದ ಅದನ್ನು ಒರೆಸಿದರು. ಶಮ್ನಾ ಹತ್ತಿ ಕೂತು, ಇಲ್ಲದ ಸ್ಟೇರಿಂಗನ್ನು ಎರಡು ಸಲ ತಿರುಗಿಸಿ, ನನ್ನನ್ನು ನೋಡಿದಳು. ‘ನಾನು ಹೇಳ್ಲಿಲ್ವಾ’ ಎಂದು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ದೊಡ್ಡವರಾಗಿದ್ದರೆ ಹೇಳುತ್ತಿದ್ದರು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ನಂಜಪ್ಪ ಚಹಾ ತಂದು ಕೊಡುತ್ತಾ, ತಗ್ಗಿದ ದನಿಯಲ್ಲಿ, ಬಹಳ ಗೌರವದಿಂದ ಕೇಳಿದರು. “ಹಾಗಾದ್ರೆ ಕಾಡಾನೆಗೆ ಪೊರಕೆ ತೋರಿಸಿ ಓಡಿಸಿದೋರು ನೀವೇನಾ ತಾಯಿ?”

ಸುತ್ತ ನಿಂತಿದ್ದ ಡ್ರೈವರುಗಳೆಲ್ಲ ನನ್ನ ಕಡೆ ತಿರುಗಿದರು. ಆ ದಪ್ಪ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದ. ನಡೆದದ್ದು ಇಷ್ಟು: ಒಮ್ಮೆ ಪಕ್ಕದ ಮನೆಯ ದನ ಬಂದು, ಹೊಲಿಯಲು ಕೊಟ್ಟ ಯಾರದೋ ಸೀರೆಯನ್ನು ಜಗಿಯುತ್ತಿತ್ತು. ನಾನು ಬಾಗಿಲು ಹಾಕಿಕೊಂಡು, ಕಿಟಕಿಯಿಂದ ಹಿಡಿಸೂಡಿ ಬಿಸಾಡಿದ್ದೆ, ನಂಜಪ್ಪನವರ ಪೊರಕೆ ಅದೇ. ದನಕ್ಕೆ ತಾಗಿರಲೂ ಇಲ್ಲ. ನಾನು ಕುಂಬ್ರದಲ್ಲಿ ಕೂತು ಇವರ ಬೆಂಗಳೂರನ್ನು ಕಾಲು ಭಾಗ ಮಾಡುತ್ತಿದ್ದಾಗ, ಇವರು ಬೆಂಗಳೂರಿನಲ್ಲಿ ಕೂತು ನನ್ನನ್ನು ನಾಲ್ಕು ಪಟ್ಟು ಮಾಡುತ್ತಿದ್ದರು.

“ಹೌದಾ ಉಮ್ಮಾ?” ಎಂದಳು ಶಮ್ನಾ, ಉಪ್ಪನ ಸೀಟಿನಲ್ಲಿ ನೆಟ್ಟಗೆ ಕೂತು.

“ಹೌದು,” ಎಂದೆ.

“ಆನೆ ಎಷ್ಟು ದೊಡ್ಡದಿತ್ತು?”

“ಸಾಧಾರಣ ಇತ್ತು.”

ಅಂಥ ವಿಷಯ ಸಾಧಾರಣದಲ್ಲಿ ನಿಲ್ಲುವುದಿಲ್ಲ. ಊರಿಗೆ ಮರಳುವ ಬಸ್ಸು ಸಕಲೇಶಪುರ ದಾಟುವಾಗ ಆನೆಗೆ ಕೊಂಬು ಬಂದಿತ್ತು. ಗುಂಡ್ಯಕ್ಕೆ ಇಳಿಯುವಷ್ಟರಲ್ಲಿ ಜೊತೆಗೆ ಒಂದು ಮರಿಯೂ ಸೇರಿಕೊಂಡಿತು. ಕೊಂಬು ಕೊಟ್ಟವಳು ಮಗಳು. ಮರಿ ನನ್ನದೇ, ಒಪ್ಪಿಕೊಳ್ಳುತ್ತೇನೆ.

ಈಗ ನನ್ನ ಕಷ್ಟ ಬೇರೆ. ಮೊನ್ನೆ ಮೆಷಿನಿನ ಮೇಲೆ ಒಂದು ಹಲ್ಲಿ ಬಿತ್ತು. ಮೊದಲಾದರೆ ಕಿರುಚಿ ಇವರನ್ನು ಕರೆಯುತ್ತಿದ್ದೆ, ಊರಿನಲ್ಲಿ ಇಲ್ಲದಿದ್ದರೆ ಫೋನ್ ಮಾಡುತ್ತಿದ್ದೆ. ಬಾಯಿ ತೆರೆದೆ. ಶಮ್ನಾ ಮತ್ತು ಅವಳ ಇಬ್ಬರು ಗೆಳತಿಯರು ಬಾಗಿಲಲ್ಲಿ ನಿಂತು ಆನೆ ಓಡಿಸಿದವಳನ್ನು ನೋಡುತ್ತಿದ್ದರು. ಬಾಯಿ ಮುಚ್ಚಿ ಹಿಡಿಸೂಡಿ ತೆಗೆದುಕೊಂಡೆ. ಹಲ್ಲಿ ಹೋಯಿತು. ನಾನು ಕಣ್ಣು ಮುಚ್ಚಿಕೊಂಡಿದ್ದರಿಂದ ಯಾವ ಕಡೆಗೆ ಹೋಯಿತೆಂದು ಮಾತ್ರ ಹೇಳಲಾರೆ.