ಅತ್ತೆಯ ಮನೆಗೆ ನಾನು ಕಟ್ಟಿದ ಹನ್ನೊಂದು ಕಂತು

ಕೆಲವರು ಸತ್ತಾಗ ಆಸ್ತಿ ಬಿಟ್ಟುಹೋಗುತ್ತಾರೆ, ಕೆಲವರು ಸಾಲ ಬಿಟ್ಟುಹೋಗುತ್ತಾರೆ. ನನ್ನ ಸೋದರತ್ತೆ ದ್ಯಾವಮ್ಮ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ನನ್ನ ತಲೆಯ ಮೇಲಿಟ್ಟು, ತೊಂಬತ್ಮೂರರ ಕಾರ್ತಿಕದಲ್ಲಿ ಕಣ್ಣು ಮುಚ್ಚಿದಳು. ಆಸ್ತಿಯೆಂದರೆ ಬಾಬುರಾಯನಕೊಪ್ಪಲಿನ ಹೆಂಚಿನ ಮನೆ. ಸಾಲವೆಂದರೆ ಅದೇ ಮನೆಯನ್ನು ಶ್ರೀರಂಗಪಟ್ಟಣದ ಒಂದು ಸಹಕಾರಿ ಬ್ಯಾಂಕಿಗೆ ಅಡವಿಟ್ಟು ರಿಪೇರಿಗೆಂದು ತಂದದ್ದು. ತಿಂಗಳಿಗೆ ನಾನ್ನೂರು ರೂಪಾಯಿ ಕಂತು, ಇನ್ನೂ ಮೂರು ವರ್ಷ ಬಾಕಿ.

ಪಾಂಡವಪುರದ ಸರ್ಕಾರಿ ಕಚೇರಿಯಲ್ಲಿ ಹದಿನೇಳು ವರ್ಷ ಗುಮಾಸ್ತಗಿರಿ ಮಾಡಿದ ಚಲುವರಾಜುವಿಗೆ, ಅಂದರೆ ನನಗೆ, ಇದೊಂದು ದೊಡ್ಡ ಲೆಕ್ಕವೇ? ಹೆಂಡತಿ ಕುಳ್ಳಮ್ಮ (ಹೆಸರನ್ನು ನಂಬಬೇಡಿ, ನನಗಿಂತ ನಾಲ್ಕು ಬೆರಳು ಎತ್ತರ) ಎರಡು ಹಸುವಿನ ಹಾಲನ್ನು ಡೈರಿಗೆ ಹಾಕಿ, ತಿಂಗಳು ತಿಂಗಳೂ ಆ ನಾನ್ನೂರನ್ನು ಎಣಿಸಿ ಕೊಡುತ್ತಿದ್ದಳು. ಮೊದಲ ಸಲವೇ ತಾನೂ ಬ್ಯಾಂಕಿಗೆ ಬರುತ್ತೇನೆ, ಚಲನ್ನು ಹೇಗಿರುತ್ತದೋ ನೋಡುತ್ತೇನೆ ಎಂದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು! ಋಣಭಾರ, ಆಧಾರಪತ್ರ, ಮರುಪಾವತಿ ಎಂದು ನಾಲ್ಕಾರು ಭಾರೀ ಮಾತುಗಳನ್ನು ಅವಳ ಮೇಲೆ ಸುರಿದೆ. ಅವಳು ಎದ್ದು ಕೊಟ್ಟಿಗೆಗೆ ಹೋದಳು. ಗೆದ್ದೆ ಎಂದುಕೊಂಡೆ.

ಹನ್ನೊಂದು ಕಂತು ಕಟ್ಟಿದ ಮೇಲೆ ಬ್ಯಾಂಕಿನಿಂದ ನೋಟೀಸು ಬಂತು. ದ್ಯಾವಮ್ಮನವರ ಸಾಲಕ್ಕೆ ಹನ್ನೊಂದು ತಿಂಗಳಿಂದ ನಯಾಪೈಸೆ ಬಂದಿಲ್ಲ, ಮನೆಯನ್ನು ಹರಾಜು ಹಾಕಲಾಗುವುದು ಎಂದಿತ್ತು.

ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಬ್ಯಾಂಕಿನಲ್ಲಿ ಒಂದು ಭಾಷಣ ಮಾಡಿದೆ. ಬೇಜವಾಬ್ದಾರಿ ಎಂಬ ಪದವನ್ನೇ ಆರು ಸಲ ಬಳಸಿದ್ದೆ. ಬಂದಿದ್ದ ರೈತರೆಲ್ಲ ಸುತ್ತ ನಿಂತು ಕೇಳಿದರು. ಕೌಂಟರಿನಲ್ಲಿದ್ದ ಹೆಣ್ಣುಮಗಳು ನಾನು ಉಸಿರು ತೆಗೆದುಕೊಳ್ಳುವವರೆಗೆ ಕಾದಿದ್ದು, ಹನ್ನೊಂದು ಚಲನ್ನುಗಳನ್ನು ಒಂದೊಂದಾಗಿ ನನ್ನ ಮುಂದೆ ಇಟ್ಟಳು. ಅತ್ತೆಯ ಸಾಲದ ನಂಬರು ನೂರಾ ಹದಿನೇಳು. ಹನ್ನೊಂದರಲ್ಲೂ ಇದ್ದದ್ದು ನೂರಾ ಎಪ್ಪತ್ತೊಂದು.

"ಅಕ್ಷರ ನಿಮ್ದೇ ಅಲ್ವಾ ಸಾರ್?" ಎಂದು ಕೇಳಿದಳು.

ನನ್ನದೇ. ನೂರಾ ಎಪ್ಪತ್ತೊಂದು ಕಿರಂಗೂರಿನ ಜವರಯ್ಯನ ಹೆಂಡತಿಯ ಸಾಲ. ಅವಳ ಹೆಸರೂ ದ್ಯಾವಮ್ಮ! (ನಮ್ಮ ಕಡೆ ಕಣ್ಣು ಮುಚ್ಚಿ ಕಲ್ಲೆಸೆದರೂ ಒಬ್ಬ ದ್ಯಾವಮ್ಮನಿಗೆ ತಾಗುತ್ತದೆ.) ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಮ್ಯಾನೇಜರು ಒಂದು ಒಪ್ಪಿಗೆ ಪತ್ರ ಟೈಪು ಮಾಡಿಸಿ, ಆ ಮನೆಯವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರೆ ದುಡ್ಡನ್ನು ನಮ್ಮ ಸಾಲಕ್ಕೆ ಬದಲಾಯಿಸುವುದಾಗಿ ಹೇಳಿದರು.

ಮನೆಗೆ ಬಂದವನು ಕುಳ್ಳಮ್ಮನಿಗೆ ಬ್ಯಾಂಕಿನವರು ತಪ್ಪು ಮಾಡಿದ್ದಾರೆ ಎಂದುಬಿಟ್ಟೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೂ ನಿಜವೆನಿಸಿತು. ಅವಳು ಈ ಸಲ ನನ್ನನ್ನು ಕೇಳಲಿಲ್ಲ, ಸೀರೆ ಬದಲಾಯಿಸಿ ನನ್ನ ಜೊತೆ ಕಿರಂಗೂರಿಗೆ ಹೊರಟೇಬಿಟ್ಟಳು.

ಕಿರಂಗೂರಿನ ಮನೆಯಲ್ಲಿ ಅಂದು ನೆಂಟರ ಊಟ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ಜವರಯ್ಯನ ತಮ್ಮ ತಿಮ್ಮರಾಜು ಸಂಸಾರ ಸಮೇತ ಬಂದಿದ್ದ. ಬಂದ ಕಾರಣ ಹೇಳುವ ಮೊದಲೇ ನಮ್ಮನ್ನೂ ಎಲೆ ಮುಂದೆ ಕೂರಿಸಿದರು. ಮುದ್ದೆ ಮುರಿಯುತ್ತ ಜವರಯ್ಯ ತನ್ನ ಮನೆಯ ಸಂತೋಷವನ್ನೆಲ್ಲ ಹೇಳಿಕೊಂಡ. ಅಣ್ಣತಮ್ಮಂದಿರಿಗೆ ಆರು ವರ್ಷ ಮಾತಿರಲಿಲ್ಲವಂತೆ. ಕಂತು ಕಟ್ಟಲಾಗದೆ ಮನೆ ಹೋಗುವ ಹೊತ್ತಿಗೆ, ಯಾರೋ ಗುಟ್ಟಾಗಿ ತಿಂಗಳು ತಿಂಗಳೂ ಕಟ್ಟಲು ಶುರುಮಾಡಿದರಂತೆ. ತಮ್ಮನಲ್ಲದೆ ಇನ್ನಾರು ಎಂದು ಜವರಯ್ಯ ಕಾರ್ಖಾನೆಗೇ ಹೋಗಿ ಅವನನ್ನು ತಬ್ಬಿಕೊಂಡು ಅತ್ತಿದ್ದನಂತೆ.

ನಾನು ಜೇಬಿನಲ್ಲಿದ್ದ ಪತ್ರವನ್ನು ಇನ್ನಷ್ಟು ಒಳಕ್ಕೆ ತಳ್ಳಿದೆ. ತಿಮ್ಮರಾಜು ಎಲೆಯಿಂದ ತಲೆ ಎತ್ತಲಿಲ್ಲ.

ಕೈ ತೊಳೆದ ಮೇಲೆ ಪತ್ರ ತೆಗೆದೆ. ತನಗೆ ಓದು ಬರದು, ನೀವೇ ಓದಿ ಎಂದ ಜವರಯ್ಯ. ಓದಿದೆ. ನಡುವೆ ಒಂದು ಸಾಲನ್ನು ಮಾತ್ರ ಹಾರಿಸಿದೆ. ನನ್ನ ಹೆಗಲ ಮೇಲಿಂದ (ನಾಲ್ಕು ಬೆರಳು ಎತ್ತರ ಎಂದೆನಲ್ಲ) ಕುಳ್ಳಮ್ಮನ ದನಿ ಬಂತು.

"ಒಂದ್ ಸಾಲು ಬುಟ್ಬುಟ್ರಿ."

ಓದಲೇಬೇಕಾಯಿತು. "ಪಾವತಿದಾರರಾದ ಚಲುವರಾಜುರವರು ತಮ್ಮ ಅಜಾಗರೂಕತೆಯಿಂದ ಸಾಲದ ಸಂಖ್ಯೆಯನ್ನು ತಪ್ಪಾಗಿ ಬರೆದಿರುವ ಕಾರಣ..."

ಜವರಯ್ಯ ನನ್ನನ್ನು ನೋಡಲೇ ಇಲ್ಲ, ತಮ್ಮನನ್ನು ನೋಡಿದ. ತಿಮ್ಮರಾಜು ಬಾಯಿ ಬಿಟ್ಟ.

"ನಾನಲ್ಲ ಅಂತ ಮೊದ್ಲೇ ಏಳ್ದೆ ಅಣ್ಣ. ನೀನು ಕಣ್ಣೀರಾಕ್ಕಂಡು ನಿಂತ್ಕಂಡ್ಬುಟ್ಟೆ. ಆಮ್ಯಾಲೆ ಏಳಕ್ಕೆ ಬಾಯೇ ಬರ್ನಿಲ್ಲ. ಇಷ್ಟ್ ತಿಂಗ್ಳು ಸುಳ್ಳು ಮರ್ವಾದೆ ಉಂಡಿವ್ನಿ. ಆ ದುಡ್ಡ ನಾನೇ ಕಟ್ತೀನಿ."

"ಕಟ್ದಿದ್ರೂ ನೀನು ನನ್ ತಮ್ಮನೇ ಕಣ್ಲಾ," ಎಂದು ಜವರಯ್ಯ ಹೆಬ್ಬೆರಳನ್ನು ಶಾಯಿಗೆ ಒತ್ತಿದ. ಅವನ ಹೆಂಡತಿಯೂ ಒತ್ತಿದಳು. ನನಗೊಂದು ಬೈಗುಳವಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು. ಸಿಕ್ಕಿದ್ದು ಮನೆಗೆ ಒಯ್ಯಲು ಎರಡು ತೆಂಗಿನಕಾಯಿ. ಆ ತಿಮ್ಮರಾಜು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡಿದ್ದ. ನನ್ನ ತಪ್ಪನ್ನು ಹೆಂಡತಿ ನನ್ನ ಬಾಯಿಂದಲೇ ಓದಿಸಬೇಕಾಯಿತು.

ಬಸ್ಸಿನಲ್ಲಿ ಕುಳ್ಳಮ್ಮ ಕಿಟಕಿಯಾಚೆ ನೋಡುತ್ತಲೇ ಕೇಳಿದಳು. "ನಂಬ್ರ ತಪ್ಪೋದು ಯಾರ್ಗಾದ್ರೂ ಆಯ್ತದೆ. ನನ್ತಾವ ಯಾಕೆ ಸುಳ್ಳೇಳುದ್ರಿ?"

ಹದಿನೇಳು ವರ್ಷ ಕಚೇರಿಯಲ್ಲಿ ಎಂತೆಂಥ ಆಕ್ಷೇಪಣೆಗಳಿಗೋ ಸಮಜಾಯಿಷಿ ಬರೆದವನು ನಾನು. ಇದಕ್ಕೆ ಮಾತ್ರ ಕಂಡಕ್ಟರನನ್ನು ಕರೆದು ಟಿಕೆಟ್ಟಿನ ಚಿಲ್ಲರೆ ಕೇಳಿದೆ.

ಮುಂದಿನ ತಿಂಗಳಿಂದ ಚಲನ್ನು ಬರೆಯುವವಳು ಅವಳೇ. ಬರೆದು, ಎರಡು ಸಲ ಓದಿ, ನಂಬರಿನ ಕೆಳಗೆ ಗೆರೆ ಎಳೆಯುತ್ತಾಳೆ. ಜವರಯ್ಯನೂ ತನ್ನ ಕಂತಿನ ದುಡ್ಡು ತಂದು ಅವಳ ಕೈಯಿಂದಲೇ ಬರೆಸಿಕೊಂಡು ಹೋಗತೊಡಗಿದ. ಹೋದ ತಿಂಗಳು ಅವನು ಬಂದದ್ದು ಕಡೆಯ ದಿನ. ಕುಳ್ಳಮ್ಮ ನಾಗಮಂಗಲದ ತವರಿಗೆ ಹೋಗಿದ್ದಳು. ಕಳೆದುಕೊಂಡ ಮಾನವನ್ನು ಒಂದಿಷ್ಟಾದರೂ ಹಿಂದಕ್ಕೆ ಪಡೆಯೋಣವೆಂದು, ಇವತ್ತು ತಪ್ಪಿದರೆ ದಂಡದ ಬಡ್ಡಿ ಬೀಳುತ್ತದೆ, ಕೊಡಿ ನಾನೇ ಬರೆಯುತ್ತೇನೆ ಎಂದು ಪೆನ್ನಿನ ಮುಚ್ಚಳ ತೆಗೆದೆ.

ಜವರಯ್ಯ ಪೆನ್ನನ್ನು ನೋಡಿದ, ನನ್ನನ್ನು ನೋಡಿದ. ಚಲನ್ನನ್ನು ಮೆಲ್ಲಗೆ ಮಡಿಸಿ ಜೇಬಿಗೆ ಸೇರಿಸಿದ.

"ಬಡ್ಡಿ ಬಿದ್ರೆ ಬೀಳ್ಲಿ ಬುಡಿ ಸ್ವಾಮಿ," ಎಂದ. "ಅಮ್ಮಾವ್ರು ಬಂದ್ಮ್ಯಾಲೇ ಬತ್ತೀನಿ."