ಮುಂತಸಿರ್ ಬಿಡಿಸಿದ ಗಂಟು

ಸಂಜೆ ಹೆಣ್ಣು ಕೇಳಲು ಹೋಗಬೇಕಾದ ದಿನವೇ ಮುಂತಸಿರನ ವಿಡಿಯೊ ಕೈಕೊಟ್ಟಿತು. ಫೋನು, ಕಂಪ್ಯೂಟರು, ಟೀವಿ, ಯಾವುದರಲ್ಲಾದರೂ ಹಾಡು, ಸಿನಿಮಾ ಓಡಿಸುವ ಸಾಫ್ಟ್‌ವೇರ್ ಲೈಬ್ರರಿಯೊಂದನ್ನು ಅಮ್ಮಾನ್ ನಗರದ ಅವನ ಕಚೇರಿ ತಯಾರಿಸುತ್ತಿತ್ತು. ಈಗ ಚಿತ್ರ ತಡೆಯುವ ಪಾಝ್ ಗುಂಡಿ ಒಮ್ಮೆ ಒತ್ತಿದರೆ ಸಾಕು, ಮತ್ತೆ ಓಡದೆ ಎಲ್ಲವೂ ಕಲ್ಲಾಗಿ ಕೂರುತ್ತಿತ್ತು.

"ಇದು ಸರಿಹೋಗೋವರೆಗೂ ಯಾರೂ ಕುರ್ಚಿ ಬಿಡೋ ಹಾಗಿಲ್ಲ," ಎಂದರು ಮೇಲಧಿಕಾರಿ ಹಿಕ್ಮತ್. ಯಾರೂ ಎಂದರೆ ಮುಂತಸಿರ್ ಎಂದೇ ಅರ್ಥ.

ಸುತ್ತ ನಿಂತವರಲ್ಲಿ ಸಲಹೆಗೇನು ಬರ! "ಆಫ್ ಮಾಡಿ ಆನ್ ಮಾಡು ಮಾರಾಯ," ಎಂದ ಒಬ್ಬ.

"ಮೊದಲು ಗಡ್ಡ ಬೋಳಿಸ್ಕೊ. ಹುಡುಗಿ ಮನೆಯವರು ಹೆದರಿಕೊಂಡಾರು," ಎಂದಳು ಪಕ್ಕದ ಮೇಜಿನ ದಿಮಾ.

ಮಧ್ಯಾಹ್ನ ಕಳೆದ ಮೇಲೆ ಹುಳುಕು ಸಿಕ್ಕಿತು. ಒಳಗೆ ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು, ಅಂದರೆ ಥ್ರೆಡ್‌ಗಳು, ಎರಡು: ಒಂದು ಸದ್ದಿನದು, ಒಂದು ಚಿತ್ರದ್ದು. ಸದ್ದಿನದು ತನ್ನ ಬೀಗ ಹಿಡಿದುಕೊಂಡು ಚಿತ್ರದ ಬೀಗಕ್ಕೆ ಕಾಯುತ್ತಿತ್ತು. ಚಿತ್ರದ್ದು ತನ್ನದನ್ನು ಹಿಡಿದುಕೊಂಡು ಸದ್ದಿನದಕ್ಕೆ. ಮೊದಲು ನೀನು ಬಿಡು ಎಂದು ಎರಡಕ್ಕೂ ಹಟ. ಕೇಳಿದ್ದು ಸಿಗದಿದ್ದರೆ ಹಿಡಿದದ್ದನ್ನು ಬಿಟ್ಟುಬಿಡುವಂತೆ ಸದ್ದಿನ ಥ್ರೆಡ್ಡಿಗೆ ಮುಂತಸಿರ್ ನಾಲ್ಕು ಸಾಲು ಕೋಡ್ ಬರೆದ. ವಿಡಿಯೊ ಸರಾಗವಾಗಿ ಓಡಿತು. ಮುಂತಸಿರನಿಗೆ ಹಿಗ್ಗೋ ಹಿಗ್ಗು. ಗಡ್ಡ ಬೋಳಿಸದೆಯೇ ಹುಡುಗಿ ರಝಾನಳ ಮನೆಗೆ ಓಡಿದ.

ಅಲ್ಲಿ ಎರಡೂ ಕಡೆಯ ಹಿರಿಯರು ಸೇರಿದ್ದರು. ಮುಂತಸಿರನ ಸೋದರಮಾವ ಅಬೂ ಝೈದಾನ್ ಮುಂದಿಟ್ಟ ಕಾಫಿ ಮುಟ್ಟಿರಲಿಲ್ಲ. ಹೆಣ್ಣು ಕೊಡುತ್ತೇವೆ ಅನ್ನುವವರೆಗೆ ಗಂಡಿನ ಕಡೆಯವರು ಅದನ್ನು ಕುಡಿಯುವಂತಿಲ್ಲ, ಅದು ಅಲ್ಲಿನ ರೂಢಿ. ಕುಡಿದರೆ ಕೇಳಿದ್ದನ್ನು ಕೈಬಿಟ್ಟಂತೆ.

"ಕೊಡ್ತೀವಿ ಅನ್ನಿ, ಕುಡೀತೀನಿ."

"ಮೊದಲು ಕುಡೀರಿ ಅಬೂ ಝೈದಾನ್, ಆಮೇಲೆ ಮಾತು," ಎಂದರು ಹುಡುಗಿಯ ದೊಡ್ಡಪ್ಪ ಅಬೂ ಶಾಹಿರ್.

"ಛೆ ಛೆ, ಮೊದಲು ನೀವು ಹೇಳಿ."

"ಮೊದಲು ನೀವು ಕುಡೀರಿ."

ಕಾಫಿ ಆರಿತು. ಯಾರೂ ಅಲುಗಾಡಲಿಲ್ಲ. ರಝಾನ್ ಕೈತಪ್ಪಿದರೆ ಮುಂತಸಿರನಿಗೆ ಬದುಕೇ ಬೇಡ. ತಟ್ಟನೆ ಹೊಳೆಯಿತು: ಕಚೇರಿಯದೇ ರೋಗ, ಮದ್ದೂ ಅದೇ. ಒಬ್ಬರು ಹಟ ಬಿಟ್ಟರಾಯಿತು! ಮಾವನ ಕಪ್ಪನ್ನು ಎತ್ತಿ ಒಂದೇ ಗುಟುಕಿಗೆ ಮುಗಿಸಿದ.

ಅಬೂ ಶಾಹಿರ್ ನಿಧಾನವಾಗಿ ಎದ್ದು ನಿಂತರು. "ಹುಡುಗನಿಗೆ ಬೇಕಾಗಿದ್ದು ಕಾಫಿ ಅಂತ ಗೊತ್ತಾಯ್ತು. ಸಂತೋಷ, ಹೋಗಿ ಬನ್ನಿ."

ಮಾವ ಅವನನ್ನು ಕಿವಿ ಹಿಡಿದೇ ಬೀದಿಗೆ ಎಳೆದುಕೊಂಡು ಬಂದರು. ಅಷ್ಟರಲ್ಲಿ ರಝಾನಳ ಫೋನು.

"ಪೆದ್ದ! ದೊಡ್ಡಪ್ಪ ನಿನ್ನೆಯೇ ಒಪ್ಪಿದ್ರು ಕಣೋ. ನಿಮ್ಮ ಮಾವನ್ನ ಸ್ವಲ್ಪ ಆಟ ಆಡಿಸ್ತಾ ಇದ್ರು, ಅಷ್ಟೆ."

"ಈಗ?"

"ಈಗ ನಿಜವಾಗ್ಲೂ ಹಟ ಹಿಡಿದಿದ್ದಾರೆ."